ಸಾವಿರ ಗಾಡ್ವಿಟ್‌ಗಳ ನಡುವೆ ಒಂದು ಬೇರೆ

ದಾಂಡೇಲಿಯವರಿಗೆ ಮಂಗಟ್ಟೆ ಹಕ್ಕಿ ಆಲದ ಹಣ್ಣಿಗೆ ಬರುವ ದಿನದ ನೆಂಟ. ಅದೇ ಕಪ್ಪು-ಬಿಳಿ ಮಂಗಟ್ಟೆ ಬೊರಿವಲಿ ಕಾಡಿನಲ್ಲಿ ಕಂಡರೆ ಮುಂಬಯಿಯ ಹಕ್ಕಿ ನೋಡುಗರು ರಜೆ ಹಾಕಿ ಓಡುತ್ತಾರೆ. ಅಪರೂಪದ ಲೆಕ್ಕ ಊರೂರಿಗೆ ಬೇರೆ.

ಊರಿಂದ ಬಂದವರು ಮುಂಬಯಿ, ನವಿಮುಂಬಯಿಗಳ ನಡುವಿನ ಕಡಲ ಕವಲು ಠಾಣೆ ಕ್ರೀಕ್‌ನಲ್ಲಿ ಕೇಳುವುದು ರಾಜಹಂಸವನ್ನು. ನೋಡಲಿ, ಚೆಂದವೇ. ಆದರೆ ಅವುಗಳ ಕಾಲ ಬುಡದಲ್ಲಿ ಸಾವಿರಗಟ್ಟಲೆ ಬ್ಲ್ಯಾಕ್-ಟೇಲ್ಡ್ ಗಾಡ್ವಿಟ್‌ಗಳು ಉದ್ದ ಕೊಕ್ಕಿನಿಂದ ಕೆಸರು ಚುಚ್ಚುತ್ತಿರುತ್ತವೆ. ಆ ಗುಂಪಿನೊಳಗೆ ಎಲ್ಲೋ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಸಿಕ್ಕರೆ ಇಲ್ಲಿನವರಿಗೆ ಅದೇ ಹಬ್ಬ. ಈ ಜಾತಿಯದೇ ಒಂದು ಎಳೆ ಹಕ್ಕಿ 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿ.ಮೀ. ಎಲ್ಲೂ ಇಳಿಯದೆ ಹಾರಿತ್ತು.

ಹೊರಡುವ ಮೊದಲು ಪಂಚಾಂಗ ನೋಡಿ; ತಮಾಷೆಯಲ್ಲ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರ ನಡುಮಧ್ಯಾಹ್ನದ ಹೊತ್ತಿಗೆ ಬರುತ್ತದೆ, ಆಗ ಬಿಸಿಲ ಝಳಕ್ಕೆ ದುರ್ಬೀನಿನಲ್ಲಿ ಎಲ್ಲವೂ ಕುಣಿಯುತ್ತದೆ. ಏಕಾದಶಿಯ ಆಸುಪಾಸಿನಲ್ಲಿ ಉಬ್ಬರ ಬೆಳಗ್ಗೆ 9-10ಕ್ಕೆ. ಗಡಿಯಾರದ ಸಮಯವನ್ನು ಉಬ್ಬರ-ಇಳಿತದ ಪಟ್ಟಿಯಲ್ಲಿ ಖಚಿತ ಮಾಡಿಕೊಂಡು ಎರಡು ಗಂಟೆ ಮೊದಲೇ ಹೋಗಿ ನಿಲ್ಲಿ. ಏರುವ ನೀರು ಹಕ್ಕಿಗಳನ್ನು ದಡದತ್ತ ದೂಡಿ ತರುತ್ತದೆ. ನೀರು ಪೂರ್ತಿ ಇಳಿದಾಗ ಅವು ಬರೀ ಚುಕ್ಕಿಗಳು. ಮುಂಬಯಿ ದಡದ ಶಿವಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಗ್ಗೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಬೆಳಗಿಗೆ ನವಿಮುಂಬಯಿ ದಡ, ಸಂಜೆಗೆ ಶಿವಡಿ ಕಡೆ.

8x42 ದುರ್ಬೀನು ಗುಂಪು ಜಾಲಾಡಲು ಸಾಕು, ಖಚಿತಪಡಿಸಲು ಟ್ರೈಪಾಡ್ ಮೇಲೆ ಸ್ಕೋಪ್ ಬೇಕು. 60xಗೆ ಏರಿಸಬೇಡಿ, ಝಳ ಇನ್ನೂ ದೊಡ್ಡದಾಗುತ್ತದೆ, 25-30ರಲ್ಲಿ ಇಟ್ಟುಕೊಳ್ಳಿ. ಮೊದಲು ಬೆನ್ನು ನೋಡಿ. ಚಳಿಗಾಲದಲ್ಲಿ ಬ್ಲ್ಯಾಕ್-ಟೇಲ್ಡ್‌ನ ಬೆನ್ನು ಗೀರಿಲ್ಲದ ಬೂದುಗಂದು. ಬಾರ್-ಟೇಲ್ಡ್‌ಗೆ ಕರ್ಲ್ಯೂ ಹಕ್ಕಿಗಿರುವಂಥ ಗೀರುಗಳು. ಆಮೇಲೆ ಕಾಲು: ಬಾರ್-ಟೇಲ್ಡ್‌ಗೆ ಮೊಣಗಂಟಿನ ಮೇಲಿನ ಭಾಗ ಗಿಡ್ಡ. ಅದರ ಕೊಕ್ಕು ತುಸು ಮೇಲಕ್ಕೆ ಬಾಗಿರುತ್ತದೆ, ಆದರೆ ಇದೊಂದನ್ನೇ ನಂಬಿದವರೇ ಹೆಚ್ಚು ಮೋಸಹೋಗುವುದು. ಬ್ಲ್ಯಾಕ್-ಟೇಲ್ಡ್‌ನ ಕೊಕ್ಕೂ ಕೆಲವು ಕೋನದಲ್ಲಿ ಬಾಗಿದಂತೆ ಕಾಣುತ್ತದೆ. ಹೊಟ್ಟೆಯವರೆಗೆ ನೀರಿನಲ್ಲಿ ನಿಂತ ಹಕ್ಕಿಯ ಕಾಲಿನ ಉದ್ದವೂ ಸುಳ್ಳು ಹೇಳುತ್ತದೆ.

ತೀರ್ಪು ರೆಕ್ಕೆಯದು. ಹಾರಿದಾಗ ಬ್ಲ್ಯಾಕ್-ಟೇಲ್ಡ್‌ನ ರೆಕ್ಕೆಯುದ್ದಕ್ಕೂ ಅಗಲ ಬಿಳಿ ಪಟ್ಟಿ, ಬಾಲದ ತುದಿ ದಟ್ಟ ಕಪ್ಪು. ಪಟ್ಟಿಯೇ ಇಲ್ಲದ ಒಂದು ರೆಕ್ಕೆ ಆ ಬಿಳಿ ಗೆರೆಗಳ ನಡುವೆ ಹಾದುಹೋಗುವುದು ಎರಡೇ ಸೆಕೆಂಡು. ಎದೆ ಡವಗುಟ್ಟುವುದು ಆಗ. ಕ್ಯಾಮರಾ 1/2000 ಸೆಕೆಂಡಿನ ಶಟರ್ ವೇಗದಲ್ಲಿ ಸಿದ್ಧವಿರಲಿ, ಇಡೀ ಗುಂಪಿನ ಫೋಟೋ ಸಾಲಾಗಿ ಹೊಡೆಯಿರಿ, ಹುಡುಕುವುದು ಮನೆಗೆ ಹೋದ ಮೇಲೆ.

ರೆಕ್ಕೆ ನೋಡಬೇಕೆಂದು ಚಪ್ಪಾಳೆ ತಟ್ಟಿ ಗುಂಪನ್ನು ಎಬ್ಬಿಸುವವರಿದ್ದಾರೆ. ಏಪ್ರಿಲ್‌ನಲ್ಲಂತೂ ಅದು ಪಾಪದ ಕೆಲಸ, ಉತ್ತರಕ್ಕೆ ಹೊರಟ ಹಕ್ಕಿಗೆ ಮೈಯ ಕೊಬ್ಬೇ ಬುತ್ತಿ. ಕಾಯಿರಿ, ಏರುವ ನೀರೋ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲಿಂದ ಬರುವ ಗಿಡುಗವೋ ಅವನ್ನು ಎಬ್ಬಿಸಿಯೇ ಎಬ್ಬಿಸುತ್ತದೆ.

ಹಕ್ಕಿ ನೋಡುಗರ ದಾಖಲೆ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸುವಾಗ 'ಖಂಡಿತ ಅದೇ' ಎಂದು ಬರೆದರೆ ಪರಿಶೀಲಕರು ಒಪ್ಪುವುದಿಲ್ಲ. ಬೆನ್ನಿನ ಗೀರು, ರೆಕ್ಕೆಯ ಪಟ್ಟಿ, ದೂರ, ಬೆಳಕು ಬಂದ ದಿಕ್ಕು, ಪಕ್ಕದಲ್ಲಿದ್ದ ಹಕ್ಕಿ ಇಷ್ಟನ್ನೂ ಅಲ್ಲೇ ನಿಂತು ಬರೆದುಕೊಳ್ಳಿ, ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು.