ಬಿಲ್ಲನ ಸಂಸಾರ ಕನ್ನಡದಲ್ಲಿ: ಹನ್ನೊಂದನೆಯ ಪದ್ಯದವರೆಗೆ

ಆಸ್ಟ್ರೇಲಿಯಾದ ಕವಿ ಸಿ. ಜೆ. ಡೆನಿಸ್ 1915ರಲ್ಲಿ ಪ್ರಕಟಿಸಿದ ‘ದ ಸಾಂಗ್ಸ್ ಆಫ್ ಎ ಸೆಂಟಿಮೆಂಟಲ್ ಬ್ಲೋಕ್’ ಎಂಬ ಪದ್ಯಕಾದಂಬರಿಯನ್ನು ಬಿಡುವಿನಲ್ಲಿ ಕನ್ನಡಿಸುತ್ತಿರುವ ನನ್ನ ಕೆಲಸ, ಅದರ ಹದಿನಾಲ್ಕು ಪದ್ಯಗಳಲ್ಲಿ ಹನ್ನೊಂದನೆಯದನ್ನು ಈ ತಿಂಗಳು ದಾಟಿತು. ಮೆಲ್ಬರ್ನಿನ ಗಲ್ಲಿಗಳಲ್ಲಿ ಹೊಡೆದಾಡಿಕೊಂಡಿದ್ದ ಬಿಲ್, ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಡೊರೀನಳಿಗೆ ಮನಸೋತು ಸಂಸಾರಸ್ಥನಾದ ಕತೆಯನ್ನು ತನ್ನದೇ ಬೀದಿಮಾತಿನಲ್ಲಿ ಹೇಳಿಕೊಳ್ಳುತ್ತಾನೆ.

ಮೊದಲ ಮೂರು ಪದ್ಯಗಳನ್ನು ಮಂಡ್ಯದ ಕಡೆಯ ಮಾತಿನಲ್ಲಿ ಬರೆದು ಹರಿದುಹಾಕಿದೆ. ಹೆಂಡ, ಹೆಂಡತಿ, ಆಡುಮಾತು ಮೂರೂ ಒಂದೆಡೆ ಸೇರಿದರೆ ನಮ್ಮ ಕಿವಿಗೆ ರಾಜರತ್ನಂ ಅವರ ರತ್ನನೂ ನಂಜಿಯೂ ಕೇಳಿಸುತ್ತಾರೆಯೇ ಹೊರತು ಬಿಲ್ ಕೇಳಿಸುವುದಿಲ್ಲ. ಬೆಂಗಳೂರಿನ ಗಲ್ಲಿಮಾತಿಗೆ ಬಂದ ಮೇಲೆ ದಾರಿ ಸಲೀಸಾಯಿತು. ಹೊಡೆದಾಟ ಎಂಬರ್ಥದ ‘ಸ್ಟೌಶ್’ ಎಂಬುದಕ್ಕೆ ‘ಗೂಸಾ’ ತಾನಾಗಿಯೇ ಒದಗಿತು. ಡೊರೀನಳ ತಾಯಿ ಈ ರೌಡಿಯನ್ನು ‘ವಿಲ್ಲಿ’ ಎಂದು ಮುದ್ದಾಗಿ ಕರೆದಾಗ ಅವನಿಗಾಗುವ ಮುಜುಗರ ‘ಅಳಿಯಂದ್ರೇ’ ಎಂಬ ಕರೆಯಲ್ಲಿ ಇನ್ನಷ್ಟು ರಂಗೇರಿತು ಎಂದು ನನ್ನ ಎಣಿಕೆ.

ಹೆಚ್ಚು ದಿನ ತಿಂದದ್ದು ‘ಬೀಫ್ ಟೀ’ ಎಂಬ ಹನ್ನೊಂದನೆಯ ಪದ್ಯ. ಮದುವೆಯಾದ ಬಿಲ್ ಹಳೆಯ ಗೆಳೆಯ ಜಿಂಜರ್ ಮಿಕ್‌ನ ಜೊತೆ ಸೇರಿ, ಕುಡಿದು, ನಾಣ್ಯ ಚಿಮ್ಮುವ ಜೂಜಾಡಿ ಮನೆಗೆ ಬರುತ್ತಾನೆ. ಡೊರೀನ್ ತುಟಿ ಬಿಚ್ಚದೆ ನೋಡುತ್ತ ಕೂರುತ್ತಾಳೆ, ಆಮೇಲೆ ಬೀಫ್ ಟೀ ತಂದುಕೊಡುತ್ತಾಳೆ. ಅದು ಚಹವಲ್ಲ, ಮಾಂಸ ಬೇಯಿಸಿ ಬಸಿದ ತಿಳಿಸಾರು. ‘ಕಾಲ್ ಸೂಪ್’ ಎಂದು ಬರೆದಿದ್ದೆ, ಆದರೆ ಮೆಲ್ಬರ್ನಿನ ಅಡುಗೆಮನೆ ತಟ್ಟನೆ ಶಿವಾಜಿನಗರವಾಯಿತು. ‘ಬೀಫಿನ ತಿಳಿಸಾರು’ ಎಂದು ತಿದ್ದಿದೆ. ಅವಳು ಬೈದಿದ್ದರೆ ಬಿಲ್ಲನೂ ತಿರುಗಿ ರೇಗಿ ಪಾರಾಗುತ್ತಿದ್ದ. ಬೈಯದೇ ಇರುವುದರಿಂದಲೇ ಅವನ ಬಾಯಿ ಕಟ್ಟುತ್ತದೆ. ಈ ಭಾಗದಲ್ಲಿ ನಾನು ತುರುಕಿದ್ದ ‘ಗುರು’, ‘ಮಗಾ’, ‘ಸಖತ್’ಗಳನ್ನೆಲ್ಲ ಕಿತ್ತು, ‘ಒಂದ್ ಸೊಲ್ಲೂ ಎತ್ಲಿಲ್ಲ’ ಎಂಬ ಸಾಲನ್ನಷ್ಟೇ ಉಳಿಸಿದ ಮೇಲೆ ಪದ್ಯ ಸರಿಹೋಯಿತು.

ಸಂಬೋಧನೆಯ ತೊಡಕು ಮಾತ್ರ ಬಗೆಹರಿದಿಲ್ಲ. ಹತ್ತನೆಯ ಪದ್ಯದಲ್ಲಿ ಮದುವೆ ಮುಗಿದ ಮೇಲೆ ಡೊರೀನ್ ಗಂಡನನ್ನು ‘ರೀ’ ಎನ್ನಬೇಕೋ, ಮೊದಲಿನಂತೆ ‘ಬಿಲ್ಲು’ ಎಂದೇ ಕರೆಯಬೇಕೋ? ‘ರೀ’ ಇದ್ದ ಕರಡನ್ನು ಓದಿ ನನ್ನಾಕೆ, ‘ಆಸ್ಟ್ರೇಲಿಯಾದವಳು ರೀ ಅಂತಾಳೇನ್ರೀ?’ ಎಂದು ನಕ್ಕಳು. ಹನ್ನೊಂದರಲ್ಲಿ ಡೊರೀನಳ ಮೌನ ನನ್ನನ್ನು ಕಾಪಾಡಿತು. ಹಣ್ಣಿನ ತೋಟದ ಅಂಕಲ್ ಜಿಮ್ ಬರುವ ಹನ್ನೆರಡನೆಯ ಪದ್ಯದಲ್ಲಿ ಆ ಅನುಕೂಲವಿಲ್ಲ.