90 ದಿನದ ಬಾಣಂತನ, ನಡುವೆ ಒಂದು ಪ್ರೇಮಕಥೆ

ನಡುವಯಸ್ಸಿನ ಹೆಂಗಸು ವಿದೇಶಕ್ಕೆ ಹೋಗುತ್ತಾಳೆ, ಅಲ್ಲೊಬ್ಬ ಸಿಗುತ್ತಾನೆ. ಈ ಎಳೆಯ ಹಗುರ ಸಿನಿಮಾಗಳು ಎಡವುವುದು ಸಾಮಾನ್ಯವಾಗಿ ಮೊದಲ ಹದಿನೈದು ನಿಮಿಷದಲ್ಲೇ. ಆಕೆ ಯಾಕೆ ಹೋದಳು ಎಂಬುದಕ್ಕೆ ಗಟ್ಟಿ ಕಾರಣ ಇರುವುದಿಲ್ಲ. ಬೇಜಾರಾಯಿತು, ಟಿಕೆಟ್ ತೆಗೆದಳು ಎಂದರೆ ಮುಂಬಯಿಯ ಮಾಟುಂಗಾದ ಪ್ರೇಕ್ಷಕಿ ನಂಬುವಳೇ? ಊರಿಗೆ ಹೋಗುವ ಮತ್ಸ್ಯಗಂಧಾ ರೈಲಿಗೇ ಆಕೆ 60 ದಿನ ಮುಂಚೆ ಬುಕಿಂಗ್ ಮಾಡುವವಳು.

ಮುಂಬಯಿ ಕನ್ನಡಿಗರಿಗಾಗಿ ಇಂಥ ಕಥೆ ಬರೆಯುವುದಾದರೆ ಕಾರಣ ಹುಡುಕಬೇಕಾಗಿಲ್ಲ, ಮನೆಯಲ್ಲೇ ಇದೆ: ಬಾಣಂತನ. ಮಗಳು, ಅಳಿಯ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲಿ ಕೆಲಸದಲ್ಲಿದ್ದಾರೆ. ಗಂಡ ತೀರಿಕೊಂಡು ಏಳು ವರ್ಷವಾದ, 49ರ ಅಮ್ಮ ಹೊರಡುತ್ತಾಳೆ. ಮಾಟುಂಗಾದ ಮನೆಯಲ್ಲಿ ಅತ್ತೆ, ಡೊಂಬಿವಲಿಯಲ್ಲಿ ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡ ನಾದಿನಿ. ಲಿಸ್ಬನ್ನೇ ಯಾಕೆಂದರೆ, 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಜೊತೆ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಹೋದದ್ದು ನಮ್ಮ ಬೊಂಬಾಯಿ. ಇದನ್ನು ನಾಯಕನ ಬಾಯಲ್ಲಿ ಒಂದೇ ಸಾಲು ಹೇಳಿಸಿ ಬಿಟ್ಟುಬಿಡಿ. ಎರಡು ಸಾಲಾದರೆ ಪಾಠವಾಗುತ್ತದೆ.

ಬಾಣಂತನ ಸುಮಾರು ಮೂರು ತಿಂಗಳು. ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ ಕೊಡುವುದೂ ಹೆಚ್ಚೆಂದರೆ 90 ದಿನ. ಕಥೆಗಾರರಿಗೆ ಇದಕ್ಕಿಂತ ಒಳ್ಳೆ ಗಡಿಯಾರ ಸಿಗುವುದಿಲ್ಲ. 2012ರ 'ಇಂಗ್ಲಿಷ್ ವಿಂಗ್ಲಿಷ್'ನಲ್ಲಿ ಪುಣೆಯ ಗೃಹಿಣಿಗೆ ನಾಲ್ಕು ವಾರದ ಇಂಗ್ಲಿಷ್ ತರಗತಿ ಇದೇ ಕೆಲಸ ಮಾಡಿತ್ತು. ಲೆಕ್ಕ ಮಾತ್ರ ಸರಿಯಿರಲಿ. ನಿಯಮವಿರುವುದು ಯಾವುದೇ 180 ದಿನಗಳಲ್ಲಿ 90 ಎಂದು. ಇಳಿದ ದಿನವೂ ಹೊರಟ ದಿನವೂ ಸೇರುತ್ತವೆ. ಏಪ್ರಿಲ್ 1ಕ್ಕೆ ಇಳಿದರೆ ಜೂನ್ 29 ಕೊನೆಯ ದಿನ. ಈ ವೀಸಾಕ್ಕೆ ಸೇರದ ಲಂಡನ್ನಿಗೆ ಹೋಗಿಬಂದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ ಎಂದು ತಿರುವು ಬರೆಯಬೇಡಿ, ಹಾಗಾಗುವುದಿಲ್ಲ. 2025ರ ಅಕ್ಟೋಬರ್ 12ರಿಂದ ಒಳಗೆ ಬಂದದ್ದು, ಹೊರಗೆ ಹೋದದ್ದು ಕಂಪ್ಯೂಟರಿನಲ್ಲೇ ದಾಖಲಾಗುವ ವ್ಯವಸ್ಥೆಯೂ ಶುರುವಾಗಿದೆ. ಅರ್ಜಿ ಹಾಕುವ ದೃಶ್ಯ ಬೇಕೆಂದರೆ: ಪ್ರಯಾಣಕ್ಕೆ ಆರು ತಿಂಗಳ ಒಳಗೆ, 15 ದಿನಕ್ಕಿಂತ ಮುಂಚೆ, ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ. ಎರಡು ನಿಮಿಷಕ್ಕಿಂತ ಹೆಚ್ಚು ಇದಕ್ಕೆ ಕೊಡಬೇಡಿ.

ಇಬ್ಬರೂ ಭೇಟಿಯಾಗುವುದು ತುಪ್ಪದಿಂದ. ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಪ್ರಯಾಣಿಕರು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ. ಬಾಣಂತಿಗೆಂದು ಊರಿನಿಂದ ತರಿಸಿದ ಎರಡು ಕಿಲೋ ತುಪ್ಪ ವಿಮಾನ ನಿಲ್ದಾಣದಲ್ಲೇ ಹೋಯಿತು. ಓಮ, ಮೆಂತ್ಯ, ಒಣಶುಂಠಿ ಲಿಸ್ಬನ್ನಿನ ಮಾರ್ತಿಂ ಮೊನಿಜ್ ಚೌಕದ ಸುತ್ತಲಿನ ಏಷ್ಯಾದವರ ಅಂಗಡಿಗಳಲ್ಲಿ ಸಿಗುತ್ತವೆ. ತುಪ್ಪವೂ ಅಲ್ಲಿ ಡಬ್ಬಿಯಲ್ಲಿ ಸಿಕ್ಕೀತು, ಆದರೆ ನಮ್ಮಮ್ಮ ಮೂಸಿ ನೋಡಿ ಕೆಳಗಿಡುತ್ತಾಳೆ. ಬೆಣ್ಣೆ ತಂದು ಕಾಯಿಸುವುದೇ ಸೈ. ಮನೆ ಹತ್ತಿರ ಐವತ್ತಮೂರರ ನಾಯಕನ ಸಣ್ಣ ದಿನಸಿ ಅಂಗಡಿ. ಅವನು ಕೊಡುವುದು ಅಲ್ಲಿನ ರೂಢಿಯ ಉಪ್ಪು ಬೆಣ್ಣೆ. ಅದನ್ನು ಕಾಯಿಸಿದರೆ ನೀರು ಆರಿದ ಮೇಲೆ ಉಪ್ಪು ಗಸಿಯೊಡನೆ ತಳ ಹಿಡಿಯುತ್ತದೆ. ಕಲಕಿದರೆ ಮುಗಿಯಿತು, ತುಪ್ಪವೆಲ್ಲ ಉಪ್ಪು. ಮರುದಿನ ಜಗಳಕ್ಕೆ ಬರುತ್ತಾಳೆ. "ಮಾಂತೈಗಾ ಸೆಂ ಸಾಲ್", ಉಪ್ಪಿಲ್ಲದ ಬೆಣ್ಣೆ: ಆಕೆ ಕಲಿಯುವ ಮೊದಲ ಪೋರ್ಚುಗೀಸ್ ಮಾತು. ಒಂದು ಕಿಲೋ ಬೆಣ್ಣೆಗೆ ಸುಮಾರು 800 ಗ್ರಾಂ ತುಪ್ಪ, ಅಂದರೆ ವಾರಕ್ಕೊಮ್ಮೆ ಅಂಗಡಿಗೆ ಹೋಗಲೇಬೇಕು. ಇಬ್ಬರನ್ನೂ ಮತ್ತೆ ಮತ್ತೆ ಎದುರು ನಿಲ್ಲಿಸಲು ಇಷ್ಟು ಸಾಕು, ಆಕಸ್ಮಿಕ ಮಳೆ ಬೇಡ.

ಭಾಷೆಯ ಹಾಸ್ಯ ಒಬ್ಬರ ಮೇಲೇ ಬಿದ್ದರೆ ಕಹಿ. ಮುಂಬಯಿಯಲ್ಲಿ ಬೆಳೆದ ನಮ್ಮ ಹೆಂಗಸಿಗೆ ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕೂ ಬರುತ್ತವೆ, ಜೊತೆಗೆ ಮಾರ್ಕೆಟ್ಟಿನ ಕೊಂಕಣಿ. ಅದರಲ್ಲೆಲ್ಲ ಪೋರ್ಚುಗೀಸ್ ಅವಿತು ಕೂತಿದೆ: ಬಟಾಟೆ, ಪಾವ್, ಚಾವಿ, ಬಾಲ್ದಿ, ಕಿಟಕಿಗೆ ಕೊಂಕಣಿಯ ಜನೇಲ. ಅವನು ಲೆಕ್ಕ ಬರೆದು "ಪಗಾರ್?" ಎಂದರೆ ಹಣ ಕೊಡುವ ಮಾತು. ಸಂಬಳ ಎಷ್ಟು ಎಂದು ಕೇಳುತ್ತಿದ್ದಾನೆ ಎಂದು ಆಕೆ ಮುಖ ಊದಿಸಿಕೊಳ್ಳುತ್ತಾಳೆ. ಬಾಗಿಲುಗಳ ಮೇಲೆ ಬರೆದ ಒಂದು ಶಬ್ದವನ್ನು ಅಲ್ಲಿನವರು 'ಪುಶ್' ಎಂದೇ ಉಚ್ಚರಿಸುತ್ತಾರೆ, ಅರ್ಥ 'ಎಳೆಯಿರಿ'. ಇದನ್ನು ಇಡೀ ಸಿನಿಮಾದಲ್ಲಿ ಮೂರು ಸಲ ಬಳಸಿ, ನಾಲ್ಕನೆಯದಕ್ಕೆ ಆಸೆಪಡಬೇಡಿ. ಹೋಟೆಲಿನ ದೃಶ್ಯವೊಂದು ಇರಲಿ: ಕೇಳದೆ ತಂದಿಟ್ಟ ಬ್ರೆಡ್ಡು, ಆಲಿವ್. ಅಲ್ಲಿ ಅದಕ್ಕೆ 'ಕುವೇರ್' ಎನ್ನುತ್ತಾರೆ, ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವೆಂದು ವಾಪಸ್ ಕಳಿಸಬಹುದು. ಉಡುಪಿ ಹೋಟೆಲಿನಲ್ಲಿ ಮೂರನೇ ಸಲ ಸಾಂಬಾರು ಹಾಕಿಸಿಕೊಂಡು ಅಭ್ಯಾಸವಾದವಳಿಗೆ ಆ ಬಿಲ್ಲು ಓದುವಾಗ ಏನಾಗಬೇಡ!

ಫೋನ್ ಕರೆಗಳಲ್ಲಿ ಬರಹಗಾರರು ನಿದ್ದೆ ಮಾಡುತ್ತಾರೆ. ಬೇಸಿಗೆಯಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಜೂನ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಆಗ ಮಾಟುಂಗಾದಲ್ಲಿ ಒಂದೂವರೆ. ಅಂದರೆ ಸಂಜೆಗೆಂಪಿನ ದೃಶ್ಯಕ್ಕೆ ನಾದಿನಿಯ ಕಾಟವಿಲ್ಲ. ನಿದ್ದೆ ಬಾರದ ಅತ್ತೆ ಮಾತ್ರ ಕರೆ ಮಾಡಬಹುದು, ಆಕೆಗೇ ವಿಷಯ ಮೊದಲು ಗೊತ್ತಾಗಬೇಕು. ಮೂರೇ ಕರೆ ಸಾಕು, ಒಂದೊಂದೂ ಒಂದೂವರೆ ನಿಮಿಷದೊಳಗೆ. ತಡೆಯುವವಳು ಅತ್ತೆ ಎಂದು ಎಲ್ಲರೂ ಊಹಿಸುತ್ತಾರೆ. ನನ್ನ ಮಟ್ಟಿಗೆ ತಡೆಯಬೇಕಾದವಳು ಬಾಣಂತಿ ಮಗಳು: ರಾತ್ರಿಯೆಲ್ಲ ನಿದ್ದೆಗೆಟ್ಟವಳಿಗೆ ಅಮ್ಮ ಹೊಸ ಸೀರೆ ಉಟ್ಟು ಬೆಣ್ಣೆ ತರಲು ಹೊರಟರೆ ಸಿಟ್ಟು ಬರುವುದು ಸಹಜ.

62ನೇ ದಿನ, ಜೂನ್ 1, ಪಾಸ್‌ಪೋರ್ಟ್ ಪ್ರಕಾರ ನಾಯಕಿಯ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಕು. ನಿಜವಾಗಿ ಆಕೆ ಹುಟ್ಟಿದ್ದು ನವರಾತ್ರಿಯಲ್ಲಿ. ಪಾಪ, ಅವನು ಕೇಕ್ ತಂದಿರುತ್ತಾನೆ. ಎರಡು ಗಂಟೆಯ ಚಿತ್ರಕ್ಕೆ ಇಂಟರ್ವಲ್ ಇಲ್ಲೇ ಬೀಳಲಿ.

73ನೇ ದಿನ ಜೂನ್ 12. ಅಂದು ರಾತ್ರಿ ಲಿಸ್ಬನ್‌ನಲ್ಲಿ ಸಂತ ಅಂತೋನಿಯ ಹಬ್ಬ. ಆತ ಮದುವೆ ಕೂಡಿಸುವ ಸಂತ. ಅಲ್ಲಿನ ಹಳೆ ಬಡಾವಣೆ ಅಲ್ಫಾಮಾದ ಓಣಿಗಳಲ್ಲಿ ಬೂತಾಯಿ ಜಾತಿಯ ಮೀನು ಕೆಂಡದ ಮೇಲೆ ಸುಡುತ್ತಿರುತ್ತದೆ. ಉಡುಪಿ ಕಡೆಯವಳ ಮೂಗು ಆ ವಾಸನೆಗೆ ಊರು ಮುಟ್ಟಿಬರುತ್ತದೆ. ಪ್ರೀತಿಸಿದವರಿಗೆ ಆ ದಿನ 'ಮಂಜೆರಿಕು' ಎಂಬ ಪುಟ್ಟ ಎಲೆಯ ಗಿಡವನ್ನು ಕುಂಡದ ಸಮೇತ ಕೊಡುತ್ತಾರೆ. ಅದರಲ್ಲಿ ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. ಗಿಡಕ್ಕೆ ಮೂಗು ತಾಗಿಸಬಾರದು, ಅಂಗೈಯಿಂದ ಸವರಿ ಕೈಯನ್ನು ಮೂಸಬೇಕು ಎಂಬುದು ಅಲ್ಲಿನ ಪದ್ಧತಿ. ಅದು ನಮ್ಮ ಕಾಮಕಸ್ತೂರಿಯ ಜಾತಿಯ ಗಿಡ. ಅವನು ಪದ್ಯವನ್ನು ಓದಿ ಅರ್ಥ ಹೇಳುವಂತೆ ಬರೆದರೆ ದೃಶ್ಯ ಕೆಟ್ಟಿತು. ಆಕೆ ಅದನ್ನು ತುಳಸಿಯ ಹಾಗೆ ಎರಡೂ ಕೈಯಲ್ಲಿ ಇಸಿದುಕೊಳ್ಳಲಿ, ಮಾತು ಬೇಡ. ಇನ್ನು 17 ದಿನ ಉಳಿದಿವೆ ಎಂದು ಪ್ರೇಕ್ಷಕರು ತಾವೇ ಎಣಿಸುತ್ತಾರೆ.

ದುಡ್ಡು ಕಡಿಮೆಯಿದ್ದರೆ ಲಿಸ್ಬನ್ನಿನ ಅರ್ಧ ಭಾಗವನ್ನು ಗೋವಾದ ಪಣಜಿಯಲ್ಲಿರುವ, ಪೋರ್ಚುಗೀಸ್ ಶೈಲಿಯ ಹಳೆ ಮನೆಗಳ ಫೊಂತೈನಾಸ್‌ನಲ್ಲಿ ತೆಗೆಯಬಹುದು. ಇದರಲ್ಲಿ ನಾಚಿಕೆಯೇನಿಲ್ಲ, 2022ರ 'ಟಿಕೆಟ್ ಟು ಪ್ಯಾರಡೈಸ್'ನ ಬಾಲಿಯನ್ನು ಚಿತ್ರೀಕರಿಸಿದ್ದು ಆಸ್ಟ್ರೇಲಿಯಾದಲ್ಲಿ. ಕೋನ ಮಾತ್ರ ಬಿಗಿಯಿರಲಿ. ತೆಂಗಿನ ಗರಿ, ತೂಗುವ ಕರೆಂಟು ತಂತಿ, ಎಡಗಡೆ ಓಡುವ ಸ್ಕೂಟರು ಚೌಕಟ್ಟಿನೊಳಗೆ ಬರಬಾರದು. ಎಲ್ಲಕ್ಕಿಂತ ಅಪಾಯ ಛಾವಣಿ. ಅಲ್ಫಾಮಾದ ಹಳೆ ಮನೆಗಳಲ್ಲಿ ಅರ್ಧ ಕೊಳವೆಯಂಥ ಹೆಂಚು ಹೆಚ್ಚು. ಗೋವಾದ ಮಾಡುಗಳ ತುಂಬ 1865ರಿಂದ ಮಂಗಳೂರಿನಲ್ಲಿ ತಯಾರಾಗುತ್ತ ಬಂದ ಚಪ್ಪಟೆ ಹೆಂಚು. ದಕ್ಷಿಣ ಕನ್ನಡದವರ ಕಣ್ಣಿಗೆ ಅದು ತಪ್ಪುವುದೇ ಇಲ್ಲ. ಕೆಳಮಹಡಿ, ಬಾಗಿಲು, ಒಳಾಂಗಣ ಇಲ್ಲಿ. ಮೇಲಿನಿಂದ ತೆಗೆಯುವ ಶಾಟ್ ಎಲ್ಲ ಅಲ್ಲಿ.

ಲಿಸ್ಬನ್‌ನಲ್ಲೇ ಮದುವೆ ಮಾಡಿಸುವ ಆಸೆ ಬಿಡಿ, ಅದಕ್ಕೆ ಜನನ ಪ್ರಮಾಣಪತ್ರ ಬೇಕು. ಐವತ್ತು ವರ್ಷ ಹಿಂದಿನ ಹಳ್ಳಿಯ ಜನನ ದಾಖಲೆಯಲ್ಲಿ 'ಹೆಣ್ಣು ಮಗು' ಎಂದಷ್ಟೇ ಇದ್ದರೆ, ಅದಕ್ಕೆ ಹೆಸರು ಸೇರಿಸಿ, ಕರ್ನಾಟಕದಲ್ಲಿ ದೃಢೀಕರಿಸಿ, ವಿದೇಶದಲ್ಲಿ ಒಪ್ಪುವಂತೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಒತ್ತಿಸುವ ಹೊತ್ತಿಗೆ 90 ದಿನ ಎಲ್ಲಿ ಉಳಿಯುತ್ತದೆ? ಮುಂಬಯಿಗೇ ಬರಲಿ ಅವನು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲೊಬ್ಬರು ನೋಟಿಸಿಗೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ನೋಟಿಸ್ ಹಚ್ಚಿದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ, ಕೊನೆಗೆ ಮೂರು ಸಾಕ್ಷಿ. ಜೂನ್ ಕೊನೆಗೆ ಬಂದಿಳಿದವಳಿಗೆ ಮದುವೆ ಬೇಗ ಎಂದರೂ ಆಗಸ್ಟ್ ಕೊನೆ. ಮಳೆಗಾಲವಿಡೀ ನೋಟಿಸು ಕಚೇರಿಯ ಗೋಡೆಯ ಮೇಲೆ. ನಾದಿನಿ ಓದಿಕೊಂಡು ಬಂದು ಆಕ್ಷೇಪಣೆ ಕೊಡಲು ಹೊರಡುತ್ತಾಳೆ. ಈಗಾಗಲೇ ಸಂಗಾತಿ ಇರುವುದು, ವಯಸ್ಸು, ಬುದ್ಧಿಸ್ಥಿಮಿತ, ನಿಷಿದ್ಧ ನಂಟು ಇಷ್ಟೇ ಅಲ್ಲಿ ನಡೆಯುತ್ತದೆ. 'ಜನ ಏನಂತಾರೆ' ಎಂಬುದಕ್ಕೆ ಕಾಯ್ದೆಯಲ್ಲಿ ಕಲಮು ಇಲ್ಲ ಎಂದು ಗುಮಾಸ್ತ ತಾಳ್ಮೆಯಿಂದ ವಿವರಿಸುತ್ತಾನೆ.

ಮೂರನೇ 'ಪುಶ್' ಈ ಕಚೇರಿಗೇ ಇಟ್ಟುಕೊಳ್ಳಿ. ಹೊರಗೆ ಮಳೆ, ಮದುಮಗ ಬಾಗಿಲ ಹಿಡಿ ಹಿಡಿದು ನಿಂತಿದ್ದಾನೆ. ಒಳಗಿನಿಂದ ಅತ್ತೆ "ಪುಶ್! ಪುಶ್!" ಎಂದು ಕೂಗುತ್ತಾರೆ. ಅವನು ಬಲವಾಗಿ ಎಳೆಯುತ್ತಾನೆ.