ಕೊಡೆ ಬಿಸಿಲಿಗೆ

"ಆಂಟಿ, ನೀವು ಕೊಡೆ ಪಾರ್ಟಿಯವರಾ?"

ಮೊನ್ನೆ ಶುಕ್ರವಾರ, 2023ರ ಫೆಬ್ರವರಿ 10. ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಹಣಕಾಸು ಸಚಿವಾಲಯದ ಮುಂದೆ ದಾರಿಯಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಕೇಳಿದ ಮಾತು ಇದು. ಕೇಳಿಸಿಕೊಂಡವರು ನಮ್ಮ ಪಕ್ಕದ ಮನೆಯ ಆಂಟಿ. ವಯಸ್ಸು 68. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರು ಹುಡುಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಇದು ಬಿಸಿಲಿಗೆ ಮಗಾ" ಅಂದರು. ಆಮೇಲೆ ಕೊಡೆ ಮಡಚಿ ಪಕ್ಕಕ್ಕಿಟ್ಟು, ಆ ಬಿಸಿಲಲ್ಲೇ ಕೂತರು.

ಎರಡು ದಿನ ಆಯಿತು. ಆ ಕೊಡೆ ಮಡಚಿದ ಕೈ ಕಣ್ಣ ಮುಂದಿಂದ ಹೋಗುತ್ತಿಲ್ಲ.

ಘಾನಾದ ರಾಜಕೀಯದಲ್ಲಿ ಎರಡು ದೊಡ್ಡ ಪಕ್ಷಗಳು. 2023ರಲ್ಲಿ ಅಧಿಕಾರದಲ್ಲಿದ್ದ ಎನ್‌ಪಿಪಿಯ ಗುರುತು ಆನೆ. ಆಗ ವಿರೋಧ ಪಕ್ಷವಾಗಿದ್ದ ಎನ್‌ಡಿಸಿಯ ಗುರುತು ಕೊಡೆ. ಆಂಟಿಯ ಕೊಡೆಯಲ್ಲಿ ಯಾವ ಪಕ್ಷದ ಬಣ್ಣವೂ ಇರಲಿಲ್ಲ. ಹಳೇ ಕಪ್ಪು ಕೊಡೆ, ಒಂದು ಕಡ್ಡಿ ಬಾಗಿದೆ. ಕಳೆದ ಎರಡು ಚುನಾವಣೆಯಲ್ಲೂ ಅವರು ವೋಟು ಹಾಕಿದ್ದು ಆನೆಗೆ. ಅದನ್ನು ಅವರೇ ನನಗೆ ಹೇಳಿದ್ದರು. ಹುಡುಗನಿಗೆ ಮಾತ್ರ ಹೇಳಲಿಲ್ಲ.

ನಾನು ತೇಮಾದ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಆಂಟಿಗೆ ಮಂಡಿನೋವು, ಟ್ರೋಟ್ರೋ ವ್ಯಾನ್ ಹತ್ತಿ ಇಳಿಯೋದು ಕಷ್ಟ. ಅದಕ್ಕೇ ರಜೆ ಹಾಕಿ ಕಾರಲ್ಲಿ ಕರೆದುಕೊಂಡು ಹೋಗಿದ್ದೆ. ಒಂದು ಪ್ಲಾಸ್ಟಿಕ್ ಕುರ್ಚಿ, ಎರಡು ಬಾಟಲಿ ನೀರು, ಬಿಪಿ ಮಾತ್ರೆ, ಕೊಡೆ. ಕೈಗೆ ಕೆಂಪು ಬಟ್ಟೆಯ ಪಟ್ಟಿ. ಇಲ್ಲಿ ಸಾವಿನ ಮನೆಗೂ ಕೆಂಪು, ಮುಷ್ಕರಕ್ಕೂ ಕೆಂಪು.

ಅವರು ಅಲ್ಲಿ ಹೋಗಿ ಕೂರಬೇಕಾಗಿ ಬಂದಿದ್ದು ಹೀಗೆ. ನಿವೃತ್ತಿಯಾದಾಗ ಒಟ್ಟಿಗೆ ಸಿಕ್ಕ ದುಡ್ಡನ್ನು ಆಂಟಿ ಸರ್ಕಾರದ ಬಾಂಡಿನಲ್ಲಿ ಹಾಕಿದರು. 2017ರಿಂದ ಇಲ್ಲಿ ಒಂದರ ಹಿಂದೆ ಒಂದು ಖಾಸಗಿ ಬ್ಯಾಂಕು ಮುಚ್ಚಿದ್ದವು. ಸರ್ಕಾರಕ್ಕೆ ಕೊಟ್ಟ ಸಾಲಕ್ಕಿಂತ ಭದ್ರವಾದದ್ದು ಇನ್ಯಾವುದು ಅಂತ ಅವರಂಥ ಎಷ್ಟೋ ಜನ ಅಂದುಕೊಂಡರು. ಬಡ್ಡಿ ಶೇ. 20ರ ಆಸುಪಾಸು. ಅದರಲ್ಲೇ ಮಾತ್ರೆ, ಅದರಲ್ಲೇ ಮೊಮ್ಮಗನ ಫೀಸು.

ಕಳೆದ ವರ್ಷ ದೇಶ ಸಾಲದಲ್ಲಿ ಮುಳುಗಿತು. ಡಿಸೆಂಬರ್‌ನಲ್ಲಿ ಬೆಲೆ ಏರಿಕೆ ಶೇ. 54.1. ಐಎಂಎಫ್‌ನಿಂದ, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ, 300 ಕೋಟಿ ಡಾಲರ್ ಸಾಲ ಬೇಕಿತ್ತು, ಅದಕ್ಕೆ ಮೊದಲು ಸಾಲದ ಹೊರೆ ಇಳಿಸಬೇಕಿತ್ತು. ಡಿಸೆಂಬರ್ 5ಕ್ಕೆ ಹಣಕಾಸು ಸಚಿವ ಕೆನ್ ಒಫೊರಿ-ಅಟ್ಟಾ ಹೊಸ ಯೋಜನೆ ತಂದರು. ಹಳೇ ಬಾಂಡ್ ಕೊಟ್ಟು ಹೊಸ ಬಾಂಡ್ ತಗೊಳ್ಳಿ ಅಂತ. ಮೊದಲು ಹೇಳಿದ ಲೆಕ್ಕದಲ್ಲಿ 2023ಕ್ಕೆ ಬಡ್ಡಿ ಸೊನ್ನೆ, 2024ಕ್ಕೆ ಶೇ. 5.

ಕಾರ್ಮಿಕ ಸಂಘಗಳು ಎದ್ದು ನಿಂತವು. ಪಿಂಚಣಿ ನಿಧಿಗಳನ್ನು ಮುಟ್ಟಿದರೆ ಡಿಸೆಂಬರ್ 27ರಿಂದ ದೇಶದ ಉದ್ದಗಲಕ್ಕೂ ಮುಷ್ಕರ ಅಂದರು. ಸರ್ಕಾರ ಹಿಂದೆ ಸರಿಯಿತು. ಡಿಸೆಂಬರ್ 22ಕ್ಕೆ ಪಿಂಚಣಿ ನಿಧಿಗಳನ್ನು ಯೋಜನೆಯಿಂದ ಕೈಬಿಟ್ಟಿತು. ಎರಡೇ ದಿನಕ್ಕೆ, 24ರಂದು, ಬಾಂಡ್ ಇಟ್ಟುಕೊಂಡಿದ್ದ ಸಾಮಾನ್ಯ ಜನರನ್ನು ಯೋಜನೆಯೊಳಗೆ ಎಳೆದುಕೊಂಡಿತು. ಅಂದರೆ ನಿಧಿಯೊಳಗಿರುವ ಪಿಂಚಣಿ ಉಳಿಯಿತು. ನಿಧಿಯಿಂದ ಕೈಗೆ ಬಂದು, ಸರ್ಕಾರವನ್ನೇ ನಂಬಿ ಮತ್ತೆ ಸರ್ಕಾರಕ್ಕೇ ಕೊಟ್ಟ ಪಿಂಚಣಿ ಸಿಕ್ಕಿಬಿತ್ತು. ನಾನು ಲೆಕ್ಕದ ಮನುಷ್ಯ. ಇದರಲ್ಲಿ ನ್ಯಾಯ ಎಲ್ಲಿದೆ ಅಂತ ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಮುಷ್ಕರ ಮಾಡ್ತೀನಿ ಅನ್ನೋಕೆ ಕೆಲಸ ಇರಬೇಕು, ಅಲ್ವಾ? ನಿವೃತ್ತರ ಹತ್ತಿರ ನಿಲ್ಲಿಸೋಕೆ ಯಾವ ಕೆಲಸ ಇದೆ?

ಆಮೇಲೆ ನಿವೃತ್ತರಿಗೆ ಶೇ. 15ರ ಹೊಸ ಬಾಂಡ್ ಅಂತ ಸ್ವಲ್ಪ ಸಡಿಲ ಮಾಡಿದರು. ಸೇರೋದು ಬಿಡೋದು ನಿಮ್ಮಿಷ್ಟ ಅಂತಲೂ ಹೇಳಿದರು. ಸೇರದೇ ಇದ್ದರೆ ಹಳೇ ಬಾಂಡಿನ ದುಡ್ಡು ಬರುತ್ತಾ ಅಂದರೆ ಗಟ್ಟಿಯಾಗಿ ಹೌದು ಅನ್ನೋರಿಲ್ಲ. ಅದಕ್ಕೇ ಕಳೆದ ಸೋಮವಾರದಿಂದ ಹಿರಿಯರು ಸಚಿವಾಲಯದ ಮುಂದೆ ಬಂದು ಕೂತಿದ್ದಾರೆ. ನಮ್ಮನ್ನು ಪೂರ್ತಿ ಬಿಟ್ಟುಬಿಡಿ, ಅಷ್ಟೇ ಬೇಡಿಕೆ.

ಶುಕ್ರವಾರ ಅಲ್ಲಿಗೆ ಸೋಫಿಯಾ ಅಕುಫೊ ಬಂದರು. 2017ರಿಂದ 2019ರವರೆಗೆ ಈ ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಆ ಹುದ್ದೆಗೆ ಅವರನ್ನು ಆರಿಸಿದ್ದು ಎನ್‌ಪಿಪಿಯವರೇ ಆದ, ಆಗ ದೇಶದ ಅಧ್ಯಕ್ಷರಾಗಿದ್ದ ಅಕುಫೊ-ಅಡೊ. ಆವತ್ತಿಗೆ 73 ವಯಸ್ಸು. ಈ ಹಿರಿಯರ ಜೊತೆ ನಿಂತು, ಸರ್ಕಾರ ಮಾಡಿದ್ದು ತಪ್ಪು ಅಂತ ಕ್ಯಾಮೆರಾ ಮುಂದೆ ಹೇಳಿದರು. ಆಂಟಿ ನನ್ನ ತೋಳು ಹಿಡಿದರು. "ಇವರನ್ನು ಕೊಡೆ ಪಾರ್ಟಿ ಅಂತ ಯಾರೂ ಅನ್ನೋಕಾಗಲ್ಲ" ಅಂದರು. ಅವರಿಗೆ ಖುಷಿಯಾಗಿದ್ದು ಅದಕ್ಕೆ. ಮುಖ್ಯ ನ್ಯಾಯಮೂರ್ತಿಯೇ ಬಂದರಲ್ಲ ಅನ್ನೋದಕ್ಕಿಂತ, ಒಬ್ಬರಾದರೂ ಆ ಪ್ರಶ್ನೆಯಿಂದ ತಪ್ಪಿಸಿಕೊಂಡರಲ್ಲ ಅನ್ನೋದಕ್ಕೆ. ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಿದರು. 2014ರ ಅಕ್ಟೋಬರ್‌ನಲ್ಲಿ 12 ಸರ್ಕಾರಿ ನೌಕರರ ಸಂಘಗಳು ಪಿಂಚಣಿಗಾಗಿಯೇ ಮುಷ್ಕರ ಮಾಡಿದ್ದವು. 2008ರ ಕಾನೂನಿನಲ್ಲಿ ಸಂಬಳದ ಶೇ. 5 ಹೋಗುವ ಎರಡನೇ ಹಂತದ ನಿಧಿ ಇದೆ. ಆ ದುಡ್ಡನ್ನು ಯಾರು ನೋಡಿಕೊಳ್ಳಬೇಕು ಅನ್ನೋದೇ ಜಗಳ. ಆಂಟಿ ಹಳೇ ಪದ್ಧತಿಯವರು, ಅವರಿಗೆ ಅದರಿಂದ ಬರೋದು ಏನೂ ಇರಲಿಲ್ಲ. ಜೊತೆಯ ಚಿಕ್ಕ ವಯಸ್ಸಿನ ಟೀಚರುಗಳಿಗೋಸ್ಕರ ಪಾಠ ನಿಲ್ಲಿಸಿ ಕೂತರು. ಆಗ ಅಧಿಕಾರದಲ್ಲಿದ್ದದ್ದು ಎನ್‌ಡಿಸಿ. "ಆಗ ನನ್ನನ್ನು ಆನೆಯವಳು ಅಂದರು. ಈಗ ಕೊಡೆಯವಳು ಅಂತಾರೆ" ಅಂದರು.

ಇನ್ನೂ ಹಿಂದಿನದು ಹೇಳಿದರು. ಅವರಪ್ಪ ಸೆಕೊಂಡಿಯಲ್ಲಿ ರೈಲ್ವೆ ಕೆಲಸಗಾರ. 1961ರಲ್ಲಿ ದೇಶದ ಮೊದಲ ಅಧ್ಯಕ್ಷ ಎನ್ಕ್ರುಮಾ ಸರ್ಕಾರದ ಬಜೆಟ್ ಸಂಬಳದಿಂದ ಶೇ. 5 ಕಡ್ಡಾಯವಾಗಿ ಹಿಡಿದುಕೊಂಡು ಬಾಂಡ್ ಕೊಡೋಕೆ ಹೊರಟಿತ್ತು. ಹೌದು, ಆಗಲೂ ಬಾಂಡ್. ಸೆಪ್ಟೆಂಬರ್‌ನಲ್ಲಿ ಸೆಕೊಂಡಿ-ತಕೊರಾಡಿಯ ರೈಲು, ಬಂದರು ನಿಂತುಹೋದವು. ಕಾರ್ಮಿಕರ ಮಹಾಸಂಘ ಆಳುವ ಪಕ್ಷದ ಕೈಯಲ್ಲಿತ್ತು, ಅದು ಮುಷ್ಕರದ ಜೊತೆ ನಿಲ್ಲಲಿಲ್ಲ. ಮುಷ್ಕರ ಎರಡು ವಾರ ದಾಟಿತು. ಇದು ವಿರೋಧ ಪಕ್ಷದ ಪಿತೂರಿ ಅಂತ ಸರ್ಕಾರ ಹೇಳಿತು, ಜನರನ್ನು ಜೈಲಿಗೆ ಹಾಕಿತು. ಹತ್ತು ವರ್ಷ ಕಳೆದು, 1971ರಲ್ಲಿ, ಅದೇ ವಿರೋಧಿ ಪಾಳಯದ ಬುಸಿಯಾ ಪ್ರಧಾನಿಯಾಗಿದ್ದಾಗ ಕಾನೂನು ಮಾಡಿ ಮಹಾಸಂಘವನ್ನೇ ಮುಚ್ಚಿಸಿದರು. ಈಗಿನ ಎನ್‌ಪಿಪಿ ಬಂದಿರುವುದು ಅದೇ ಪಾಳಯದಿಂದ. 1961ರಲ್ಲಿ ಆಂಟಿಗೆ ಆರು ವರ್ಷ. ಹಗಲು ಹೊತ್ತಲ್ಲಿ ಅಪ್ಪ ಮನೆಯಲ್ಲಿ ಇದ್ದಾರೆ ಅಂತ ಸಂತೋಷಪಟ್ಟಿದ್ದು ಒಂದೇ ಅವರಿಗೆ ನೆನಪು.

ಆ ಹುಡುಗ ಕೆಟ್ಟವನಲ್ಲ. ದನಿಯಲ್ಲಿ ಕೊಂಕು ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳೋಕೆ ಕೇಳಿದ. ಅದೇ ನನ್ನನ್ನು ಜಾಸ್ತಿ ಕಾಡುತ್ತಿದೆ. ಯಾಕೆಂದರೆ ಹೀಗೆಯೇ, ಸುಮ್ನೆ, ನಾನೂ ಕೇಳಿದ್ದೇನೆ. ನನ್ನ ತಂಗಿ ಕರ್ನಾಟಕದ ನಮ್ಮೂರಲ್ಲಿ ಸರ್ಕಾರಿ ಶಾಲೆ ಟೀಚರ್. 2006ರ ಏಪ್ರಿಲ್ ನಂತರ ಸೇರಿದವಳು, ಹಾಗಾಗಿ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ನಮ್ಮ ಅಪ್ಪನಿಗೆ ತಿಂಗಳು ತಿಂಗಳು ಬರುವ ಹಳೇ ಪಿಂಚಣಿ ಅವಳಿಗಿಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಧರಣಿಗೆ ಹೋಗಿದ್ದಳು. ಅಲ್ಲಿಂದಲೇ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಮಾತು, "ಎಲೆಕ್ಷನ್ ಹತ್ತಿರ ಬಂತಲ್ಲ, ಇದರ ಹಿಂದೆ ಯಾವ ಪಾರ್ಟಿ ಇದೆ?" ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಆಯ್ತಾ ಅಣ್ಣಾ?" ಅಂದಳು. ಅವಳೂ ಆವತ್ತು ಕೊಡೆ ಮಡಚಿದ್ದಳು, ನನಗೆ ಕಂಡಿರಲಿಲ್ಲ.

ನಿನ್ನೆ ರಾತ್ರಿ ತಂಗಿಗೆ ಫೋನ್ ಮಾಡಿದೆ. ನಿನ್ನ ಸಂಬಳದಲ್ಲಿ ತಿಂಗಳಿಗೆ ಎಷ್ಟು ಹಿಡೀತಾರೆ, ಕೊನೆಗೆ ಕೈಗೆ ಎಷ್ಟು ಬರಬಹುದು ಅಂತ ಕೇಳಿದೆ. ಒಂದು ಗಂಟೆ ಮಾತಾಡಿದಳು.

ಇವತ್ತು ಸಂಜೆ ಆಂಟಿ ಗೋಡೆಯಾಚೆಯಿಂದ ಕೂಗಿದರು. "ನನ್ನ ಕೊಡೆ ನಿನ್ನ ಕಾರಲ್ಲೇ ಉಳೀತಾ?"

ಹೌದು ಆಂಟಿ, ತಂದುಕೊಡ್ತೀನಿ ಅಂದೆ.

"ಬೇಡ, ಅಲ್ಲೇ ಇರಲಿ. ನಾಳೆ ಬೆಳಿಗ್ಗೆ ಏಳಕ್ಕೆ ಹೊರಡೋಣ. ಬಿಸಿಲು ಜಾಸ್ತಿ ಇರುತ್ತೆ."